ಪಿಯಾನೋ ಯಾರಿಗೆ?

“ಮಗುವಿಗೆ ಎಷ್ಟು ಪ್ರಾಯ, ಮೇಡಂ?”

ಹಂಪನಕಟ್ಟೆಯ ವಾದ್ಯಗಳ ಅಂಗಡಿಯೊಂದರಲ್ಲಿ ಹುಡುಗ ಕೇಳಿದ ಮೊದಲ ಪ್ರಶ್ನೆಯೇ ಅದು. ನಾನಿನ್ನೂ ಕೊಡೆ ಮಡಚಿರಲಿಲ್ಲ. ಪಿಯಾನೋ ನೋಡಬೇಕಿತ್ತು ಎಂದಷ್ಟೇ ಹೇಳಿದ್ದೆ. ಬಾಯಿಂದ ಥಟ್ಟನೆ ಬಂತು: “ಒಂಬತ್ತು.”

ಅಪ್ಪಟ ಸುಳ್ಳು! ನನ್ನ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ, ಮಗ ಪಿಯುಸಿ. ಒಂಬತ್ತು ವರ್ಷದ ಮಗು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಪಿಯಾನೋ ಬೇಕಾಗಿದ್ದದ್ದು ನಲವತ್ತಾರು ತುಂಬಿದ ನನಗೆ. ಅದನ್ನು ಹೇಳಲು ನಾಚಿಕೆ. ಮಗನಷ್ಟೇ ಪ್ರಾಯದ ಆ ಹುಡುಗ ಎಲ್ಲಿ ನಕ್ಕುಬಿಡುತ್ತಾನೋ ಎಂಬ ಅಳುಕು.

ನನ್ನ ಸುಳ್ಳಿಗೆ ತಕ್ಕ ಸಾಮಾನನ್ನೇ ಅವನು ಹೊರತೆಗೆದ. ಒತ್ತಬೇಕಾದ ಮನೆಯಲ್ಲಿ ದೀಪ ಹೊತ್ತುವ ಕೀಬೋರ್ಡು. ಒಂದು ಗುಂಡಿಗೆ ತಬಲಾ, ಇನ್ನೊಂದಕ್ಕೆ ಪಿಟೀಲು, ಮತ್ತೊಂದಕ್ಕೆ ನಾಯಿ ಬೊಗಳುವ ಸದ್ದು! “ಮಕ್ಕಳಿಗೆ ಬೋರ್ ಆಗುವುದೇ ಇಲ್ಲ ಮೇಡಂ, 9 ಸಾವಿರಕ್ಕೆ ಕೊಡುವ” ಎಂದ. ನಾನೂ ಮರುಳಾಗಿ ದುಡ್ಡು ಕೊಡಲು ಫೋನು ತೆಗೆದೆ. ನನ್ನ ಪುಣ್ಯಕ್ಕೆ ನೆಟ್‌ವರ್ಕ್ ಇರಲಿಲ್ಲ. “ನಾಳೆ ಬರ್ತೇನೆ” ಎಂದು ಕೊಡೆ ಬಿಡಿಸಿ ಹೊರಟೆ.

ಈ ಪ್ರಾಯದಲ್ಲಿ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ಹೇಳುತ್ತೇನೆ.

ಮಂಗಳೂರಿಗೆ ಪಾಶ್ಚಾತ್ಯ ಸಂಗೀತ ಹೊಸತಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದಿಳಿದು, ತಮ್ಮ ದೇಶದ ರಾಗಗಳಿಗೆ ಕನ್ನಡದ ಭಕ್ತಿಗೀತೆಗಳನ್ನು ಹೊಂದಿಸಿ ಹಾಡಿಸಿದ ಊರು ಇದು. ಇಂದಿಗೂ ಭಾನುವಾರ ಬೆಳಿಗ್ಗೆ ಇಗರ್ಜಿಗಳ ಪಕ್ಕದಲ್ಲಿ ಹಾದು ಹೋದರೆ ವಾದ್ಯದ ಜೊತೆ ಹತ್ತಾರು ಕಂಠಗಳು ಒಟ್ಟಾಗಿ ಕೇಳುತ್ತವೆ. ನಾನು ಹುಟ್ಟಿದ್ದು ಭಜನೆಯ ಮನೆಯಲ್ಲಿ. ನಮಗೆ ಗೊತ್ತಿದ್ದದ್ದು ಹಾರ್ಮೋನಿಯಂ ಮಾತ್ರ. ಆದರೆ ನಾನು ಹೋದ ಸಿಸ್ಟರುಗಳ ಶಾಲೆಯ ಸಭಾಂಗಣದ ಮೂಲೆಯಲ್ಲಿ ಹಳೆಯ ಪಿಯಾನೋ ಒಂದಿತ್ತು. ಶನಿವಾರ ಅದರ ಧೂಳು ಒರೆಸುವ ಸರದಿ ನಮ್ಮ ತರಗತಿಯದು. ಯಾರೂ ಇಲ್ಲದಾಗ ನಾನು ಎಡತುದಿಯ ಒಂದು ಮನೆಯನ್ನು ಮೆಲ್ಲಗೆ ಒತ್ತುತ್ತಿದ್ದೆ. ಆ ಗಂಭೀರ ನಾದ ಹೊಟ್ಟೆಯೊಳಗೆ ಇಳಿದಂತಾಗುತ್ತಿತ್ತು. ಕಲಿಯಬೇಕೆಂದು ಮನೆಯಲ್ಲಿ ಕೇಳುವ ಧೈರ್ಯ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು, ಹೊಲಿಗೆ ಕಲಿತೆ, ಮದುವೆಯಾಯಿತು. ಮಿಕ್ಕದ್ದು ನಿಮ್ಮೆಲ್ಲರ ಕಥೆಯೇ.

ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಚ್ಚಿ, ಸಂಘದಲ್ಲಿ ವಾರ ವಾರ ಕಟ್ಟಿದ ಉಳಿತಾಯ ಈ ವರ್ಷ 30 ಸಾವಿರ ಮುಟ್ಟಿತು. ಎಲ್ಲರೂ ಬಳೆ ಮಾಡಿಸು ಎಂದರು. ನನ್ನ ಕಿವಿಯಲ್ಲಿ ಮಾತ್ರ ಆ ನಾದ.

ಅಂಗಡಿಯಿಂದ ಬಂದ ಸಂಜೆ ನಮ್ಮ ಓಣಿಯ ಟೀಚರ ಮನೆಗೆ ಹೋದೆ. ಶಾಲೆಯಿಂದ ನಿವೃತ್ತರಾಗಿ, ಇಗರ್ಜಿಯಲ್ಲಿ ನುಡಿಸಿಕೊಂಡು, ನಾಲ್ಕಾರು ಮಕ್ಕಳಿಗೆ ಪಿಯಾನೋ ಕಲಿಸುವವರು. ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಅವರು ನಗಲಿಲ್ಲ.

“ಯಾರಿಗೆ, ಯಾವ ಸಂಗೀತ ನುಡಿಸಲಿಕ್ಕೆ ಎಂದು ಸರಿಯಾಗಿ ಹೇಳದಿದ್ದರೆ ಅಂಗಡಿಯವ ಎಂತ ಮಾಡ್ಯಾನು?” ಎಂದರು. “ನಿಮಗೆ ತಾಳ, ತಬಲಾ ಎಲ್ಲ ಬೇಕಾದರೆ ಕೀಬೋರ್ಡು ಒಳ್ಳೆಯದೇ. ಪಿಯಾನೋವೇ ಬೇಕಾದರೆ ಬೆರಳಿಗೆ ಪಿಯಾನೋ ಸಿಗಬೇಕು. ಮೊದಲು ಇಲ್ಲಿ ಒತ್ತಿ ನೋಡಿ.”

ಅವರ ವಾದ್ಯದ ಮನೆಯೊಂದನ್ನು ಒತ್ತಿದೆ. ಭಾರ! ಮೆಲ್ಲಗೆ ಒತ್ತಿದರೆ ಪಿಸುಮಾತು, ಜೋರಾಗಿ ಒತ್ತಿದರೆ ಗಂಟೆ. ಹಾರ್ಮೋನಿಯಮ್ಮಿನಲ್ಲಿ ಬೆರಳು ಎಷ್ಟು ಒತ್ತಿದರೂ ಅಷ್ಟೇ, ಸದ್ದು ಹೆಚ್ಚು ಕಡಿಮೆಯಾಗುವುದು ತಿದಿಯ ಗಾಳಿಯಿಂದ. ಪಿಯಾನೋದಲ್ಲಿ ಪ್ರತಿಯೊಂದು ಮನೆಯ ಹಿಂದೆಯೂ ಒಂದು ಪುಟ್ಟ ಸುತ್ತಿಗೆ ಇದ್ದು ತಂತಿಗೆ ಬಡಿಯುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬವರು ಕಂಡುಹಿಡಿದದ್ದು ಈ ಸುತ್ತಿಗೆಯ ಉಪಾಯವನ್ನೇ. ಮೆಲುವಾಗಿಯೂ ಜೋರಾಗಿಯೂ ನುಡಿಯುವುದು ಎಂಬ ಅರ್ಥದಿಂದಲೇ ಅದಕ್ಕೆ ಆ ಹೆಸರು.

ಹಾಗಾದರೆ ನಿಜವಾದ ತಂತಿಯ ಪಿಯಾನೋವೇ ಕೊಳ್ಳಬಾರದೇ? ಬೆಲೆ ಲಕ್ಷಗಳಲ್ಲಿ. ಸಾಲದ್ದಕ್ಕೆ ನಮ್ಮ ಕರಾವಳಿಯ ಹವೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ತಂತಿಗೆ ತುಕ್ಕು, ಶ್ರುತಿ ಮಾಡುವವರನ್ನು ಮತ್ತೆ ಮತ್ತೆ ಕರೆಸಬೇಕು. ನಮ್ಮ ಶಾಲೆಯ ಪಿಯಾನೋದ ನಾಲ್ಕು ಮನೆಗಳು ಆಟಿಯಲ್ಲಿ ಒತ್ತಿದರೆ ಮೇಲೆ ಬರುತ್ತಲೇ ಇರಲಿಲ್ಲ. ಡಿಜಿಟಲ್ ಪಿಯಾನೋಕ್ಕೆ ತಂತಿಯೂ ಇಲ್ಲ, ಶ್ರುತಿಯ ರಗಳೆಯೂ ಇಲ್ಲ. ನಿಜವಾದ ಪಿಯಾನೋದ ನಾದವನ್ನು ಮುದ್ರಿಸಿಟ್ಟು, ಬೆರಳಿನ ವೇಗ ನೋಡಿ ಅದನ್ನು ಮೆಲ್ಲಗೋ ಜೋರಾಗಿಯೋ ಹೊರಡಿಸುತ್ತದೆ. ಒಳ್ಳೆಯದಾದರೆ ಮನೆಗಳ ಒಳಗೆ ಸುತ್ತಿಗೆಯಂಥದೇ ತೂಕ ಇರುತ್ತದೆ, ಎಡಕ್ಕೆ ಭಾರ, ಬಲಕ್ಕೆ ಹೋದ ಹಾಗೆ ಹಗುರ.

ಟೀಚರು ಹೇಳಿದ್ದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ. ನಿಮಗೂ ಬೇಕಾದೀತು.

ಒಂದು, ಪೂರ್ಣ ಪಿಯಾನೋಕ್ಕೆ 88 ಮನೆ, ಬಿಳಿ 52, ಕಪ್ಪು 36. ಅಷ್ಟಕ್ಕೆ ಶಕ್ತಿಯಿಲ್ಲದಿದ್ದರೆ 61 ಮನೆಯ ಕೀಬೋರ್ಡಿನಲ್ಲಿ ಮೊದಲ ಪಾಠಗಳನ್ನು ಧಾರಾಳವಾಗಿ ಕಲಿಯಬಹುದು. ಆದರೆ ಮನೆಗಳು ಪೂರ್ತಿ ಅಳತೆಯವು ಇರಲಿ, ಒತ್ತಿದ ಬಲಕ್ಕೆ ತಕ್ಕ ಸದ್ದು ಬರಲಿ. ನನ್ನ ಮಗಳಿಗೆಂದು ಹಿಂದೆ ತಂದ ಅಗ್ಗದ ಕೀಬೋರ್ಡಿನಲ್ಲಿ ಇವೆರಡೂ ಇರಲಿಲ್ಲ. ನಾಲ್ಕು ತಿಂಗಳಿಗೆ ಅದು ಅಟ್ಟ ಸೇರಿತು. ಮಗಳಿಗೆ ಆಸಕ್ತಿ ಇಲ್ಲ ಎಂದು ನಾನು ಬೈದಿದ್ದೆ. ಈಗ ಅನಿಸುತ್ತದೆ, ಪಾಪ, ಎಲ್ಲ ತಪ್ಪು ಅವಳದ್ದಲ್ಲ.

ಎರಡು, ಇನ್ನೂರು ತರದ ಸ್ವರಗಳಿಗೆ ಮನಸೋಲಬೇಡಿ. ಇಪ್ಪತ್ತು ತರದ ಹೊಲಿಗೆ ಹಾಕುವ ಮಿಷನ್ ತಂದವರೂ ದಿನಾ ಹಾಕುವುದು ನೇರ ಹೊಲಿಗೆಯನ್ನೇ. ಒಂದು ಪಿಯಾನೋ ನಾದ ಚೆನ್ನಾಗಿದ್ದರೆ ಸಾಕು. ಒಮ್ಮೆಗೆ 64 ಸ್ವರಗಳು ಉಳಿಯುವ ವಾದ್ಯ ಹೊಸಬರಿಗೆ ಧಾರಾಳ.

ಮೂರು, ಕಾಲಿನಲ್ಲಿ ಒತ್ತುವ ಪೆಡಲು ಬೇಕು. ಕೈ ಎತ್ತಿದ ಮೇಲೂ ನಾದ ಉಳಿಯುವುದು ಅದರಿಂದ. ಗಟ್ಟಿ ಸ್ಟ್ಯಾಂಡು, ಸರಿಯಾದ ಎತ್ತರದ ಪೀಠ, ಇವುಗಳ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಊಟದ ಮೇಜಿನ ಮೇಲಿಟ್ಟು ನುಡಿಸಿದರೆ ಭುಜನೋವು ಖಂಡಿತ.

ನಾಲ್ಕು, ಮಕ್ಕಳನ್ನು ಪರೀಕ್ಷೆಗೆ ಕೂರಿಸುವ ಆಸೆ ಇದ್ದರೆ ಕಲಿಸುವವರನ್ನು ಕೇಳಿಯೇ ಕೊಳ್ಳಿ. ಟ್ರಿನಿಟಿ ಕಾಲೇಜ್ ಲಂಡನ್ನಿನ ಪರೀಕ್ಷೆಗಳಲ್ಲಿ ಪಿಯಾನೋ ಪಾಠಪಟ್ಟಿಯೇ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡಿನದೇ ಬೇರೆ.

ಮರುದಿನ ಅದೇ ಅಂಗಡಿಗೆ ಹೋದೆ. “ನಿನ್ನೆ ಹೇಳಿದ್ದು ಸುಳ್ಳು ಮಾರಾಯಾ, ಪಿಯಾನೋ ನನಗೆ” ಎಂದೆ. ಹುಡುಗ ನಕ್ಕ, ಆದರೆ ಕೆಟ್ಟ ನಗು ಅಲ್ಲ. “ಮೊದಲೇ ಹೇಳಬಾರದಾ ಅಕ್ಕಾ!” ಎಂದು ಒಳಗಿನ ಕೋಣೆಗೆ ಕರೆದೊಯ್ದು ಕ್ಯಾಸಿಯೋದ ಸಿಡಿಪಿ-ಎಸ್110, ಯಮಹಾದ ಪಿ-145 ಎರಡನ್ನೂ ಒತ್ತಿ ನೋಡಲು ಬಿಟ್ಟ. ಮೇಡಂ ಹೋಗಿ ಅಕ್ಕ ಆಗಿದ್ದೆ! ಎರಡರಲ್ಲೂ 88 ಮನೆ, ಎರಡರಲ್ಲೂ ತೂಕ. ಬೆಲೆ ಮಾತ್ರ 40 ಸಾವಿರದ ಆಚೀಚೆ. ಬೆರಳು ಹೌದೆಂದಿತು, ಸೆರಗಿನ ಗಂಟು ಅಲ್ಲವೆಂದಿತು.

ಟೀಚರೇ ದಾರಿ ತೋರಿಸಿದರು. ಅವರಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬನ ಮನೆಯವರು ಗಲ್ಫಿಗೆ ಹೊರಟಿದ್ದರು. ಅವರ ಬಳಿ ಯಮಹಾ ಪಿ-45 ಇತ್ತು. ಇದು 2015ರಲ್ಲಿ ಬಂದ ಮಾದರಿ, ಪಿ-145 ಬಂದದ್ದು ಇದರ ಜಾಗಕ್ಕೆ. ಸ್ಟ್ಯಾಂಡು ಸಹಿತ 24 ಸಾವಿರ ಹೇಳಿದರು. ಹಳೆಯದನ್ನು ಕೊಳ್ಳುವಾಗ ನೋಡಬೇಕಾದ್ದನ್ನು ಟೀಚರು ಜೊತೆಗೆ ಬಂದು ನೋಡಿದರು. 88 ಮನೆಗಳನ್ನೂ ಒಂದೊಂದಾಗಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿದರು. ಯಾವುದಾದರೂ ಮನೆ ಅಕ್ಕಪಕ್ಕದ್ದಕ್ಕಿಂತ ವಿಪರೀತ ಕೂಗುತ್ತದೆಯೇ, ಮೇಲೇಳಲು ತಡಮಾಡುತ್ತದೆಯೇ, ಪೆಡಲು ಬಿಟ್ಟೊಡನೆ ನಾದ ನಿಲ್ಲುತ್ತದೆಯೇ, ಹೆಡ್‌ಫೋನ್ ಸಿಕ್ಕಿಸಿದರೆ ಗರಗರ ಸದ್ದುಂಟೇ, ಅಡಾಪ್ಟರು ಅದರದ್ದೇ ಹೌದೇ, ಎಲ್ಲ ನೋಡಿ ತಲೆಯಾಡಿಸಿದರು.

ಇನ್ನು ಉಳಿದದ್ದು ಮನೆಯ ಪರೀಕ್ಷೆ! ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ.

“ಯಾರಿಗೆ ಅದು?” ಅದೇ ಪ್ರಶ್ನೆ.

“ನನಗೆ.”

ಗಂಜಿಗೆ ಉಪ್ಪಿನಕಾಯಿ ಕಲಸುತ್ತ ಅವರು ಬಹಳ ಹೊತ್ತು ಮಾತಾಡಲಿಲ್ಲ. ಬೇಡವೆಂದರೆ ಹೇಳಬೇಕಾದ ಉತ್ತರಗಳನ್ನೆಲ್ಲ ನಾನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಇಪ್ಪತ್ತಮೂರು ವರ್ಷದಲ್ಲಿ ನನಗೆಂದು ಕೇಳಿದ್ದು ಇದೊಂದೇ ಎಂದು ಹೇಳುವುದು ಎಂದುಕೊಂಡಿದ್ದೆ. ಕೊನೆಗೆ ಅವರು ಕೇಳಿದ್ದು, “ಇಡುವುದು ಎಲ್ಲಿ?” ಎಂದು. ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಅತ್ತೆಯವರು ಮಾತ್ರ ಗೊಣಗಿದರು: “ಸೊಸೆ ತರುವ ಪ್ರಾಯದಲ್ಲಿ ಎಂತ ಪಿಯಾನೋ ಮಾರಾಯ್ತಿ? ನಾಲ್ಕು ಜನ ಎಂತ ಹೇಳಿಯಾರು?”

ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಪಿಯಾನೋ ಬಂದು ಕೂತಿತು. ಜಿರಳೆ, ಇರುವೆ, ತೇವ ಹೋಗದಂತೆ ಹಳೆಯ ಸೀರೆಯಲ್ಲಿ ಮುಸುಕು ಹೊಲಿದೆ. ಸಿಡಿಲು ಗುಡುಗಿದ ಕೂಡಲೇ ಪ್ಲಗ್ಗು ಕೀಳುತ್ತೇನೆ. ಈ ಊರಿನ ತುಲಾ ತಿಂಗಳ ಸಿಡಿಲನ್ನು ನಂಬುವ ಹಾಗಿಲ್ಲ. ವಾರಕ್ಕೆರಡು ದಿನ ಟೀಚರ ಪಾಠ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಅಭ್ಯಾಸ. ಪೆಡಲಿಗೆ ಕಾಲು ತಾನಾಗಿ ಹೊಂದಿಕೊಂಡಿತು. ಇಷ್ಟು ವರ್ಷ ಮಿಷನ್ನು ತುಳಿದ ಕಾಲಲ್ಲವೇ! ಎಡಗೈಯೇ ಹಟಮಾರಿ. ಬಲಗೈ ಹೋದಲ್ಲಿಗೇ ತಾನೂ ಹೋಗುತ್ತೇನೆನ್ನುತ್ತದೆ.

ಮೂರು ತಿಂಗಳು ಹೆಡ್‌ಫೋನ್ ಹಾಕಿಕೊಂಡೇ ನುಡಿಸಿದೆ. ಡಿಜಿಟಲ್ ಪಿಯಾನೋದ ದೊಡ್ಡ ಅನುಕೂಲವೇ ಅದು, ನಮ್ಮ ತಪ್ಪು ನಮಗೆ ಮಾತ್ರ ಕೇಳುತ್ತದೆ. ಹೊರಗಿನವರಿಗೆ ಕೇಳುವುದು ಮನೆಗಳ ಟಕ್ ಟಕ್ ಸದ್ದಷ್ಟೇ. ಅಂಗಡಿಯ ಹುಡುಗನ ಹತ್ತಿರ ನಿಜ ಹೇಳಿದ್ದೆ, ಗಂಡನಿಗೂ ಹೇಳಿದ್ದೆ, ಆದರೂ ಈ ಒಂದು ವಯರಿನ ಹಿಂದೆ ಇನ್ನೂ ಅಡಗಿ ಕೂತಿದ್ದೆನೆಂದು ತೋರುತ್ತದೆ.

ಕಳೆದ ವಾರ ಬೆನ್ನ ಮೇಲೆ ಕೈಯೊಂದು ಬಿತ್ತು. ತಿರುಗಿದರೆ ಅತ್ತೆ. ಚಾವಡಿಯಿಂದ ಕುರ್ಚಿ ಎಳೆದುಕೊಂಡು ಬಂದಿದ್ದರು.

“ಆ ಕಿವಿಯ ವಯರು ತೆಗೆ” ಎಂದರು. “ದಿನಾ ಟಕ್ ಟಕ್ ಕೇಳಿ ಸಾಕಾಯ್ತು. ಎಂತ ನುಡಿಸ್ತಿ ಎಂದು ನನಗೂ ಒಮ್ಮೆ ಕೇಳಲಿ.”

ವಯರು ತೆಗೆದೆ. ಎರಡು ಕಡೆ ತಪ್ಪಿತು. ಅತ್ತೆಗೆ ಅದು ಗೊತ್ತಾಯಿತೋ ಇಲ್ಲವೋ, ಮುಗಿಯುವವರೆಗೂ ಎದ್ದು ಹೋಗಲಿಲ್ಲ.