ಟ್ರಂಕಿನೊಳಗಿನ ಪೆರು

ಲಿಂಗಸುಗೂರಿನಲ್ಲಿ ಹಟ್ಟಿ ಬಸ್ಸು ಹತ್ತಿದಾಗ ಕಂಡಕ್ಟರು ನನ್ನ ತಗಡಿನ ಟ್ರಂಕನ್ನು ಬೆರಳಿಂದ ತಟ್ಟಿ, "ಏನೈತ್ರಿ ಸರ ಇದರಾಗ?" ಎಂದ.

"ಪೆರು" ಎಂದೆ.

"ಪೇರಲೇನ್ರಿ? ಹಣ್ಣಾಗ್ಯಾವೇನು?"

ಇದು ಹಣ್ಣಲ್ಲ, ದೇಶ ಎಂದು ವಿವರಿಸುವಷ್ಟರಲ್ಲಿ ಲಗೇಜ್ ಟಿಕೆಟ್ ಹರಿದು ಕೈಗಿಟ್ಟಿದ್ದ. ಆಮೇಲೆ ಯೋಚಿಸಿದರೆ ಅವನ ಮಾತೇನೂ ತಪ್ಪಿರಲಿಲ್ಲ. ಪೇರಲವೂ ಆ ಕಡೆಯಿಂದಲೇ ಕಡಲು ದಾಟಿ ಬಂದ ಹಣ್ಣು.

ಇದಕ್ಕೆಲ್ಲ ಮೂಲ ನನ್ನ ಬಾಲ್ಯದ ಒಂದು ಬಸ್ಸು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಸಂಚಾರಿ ವಿಜ್ಞಾನ ಪ್ರದರ್ಶನ ನಮ್ಮ ಶಾಲೆಗೆ ಬಂದ ದಿನ ಊರಿಗೆ ಜಾತ್ರೆ ಬಂದಂತಾಗಿತ್ತು. ಗುಂಡಿ ಒತ್ತಿದರೆ ದೀಪ, ಹಿಡಿಕೆ ತಿರುವಿದರೆ ಗಾಲಿ. ಮುಂದೆ ನಾನು ಸಮಾಜ ವಿಜ್ಞಾನದ ಮೇಷ್ಟ್ರಾದಾಗ ಹೊಟ್ಟೆಕಿಚ್ಚಾಯಿತು. ವಿಜ್ಞಾನಕ್ಕೆ ಬಸ್ಸಿದೆ, ಇತಿಹಾಸಕ್ಕೆ ಸೈಕಲ್ಲೂ ಇಲ್ಲ. 'ಭೌಗೋಳಿಕ ಅನ್ವೇಷಣೆಗಳು' ಪಾಠ ಶುರು ಮಾಡಿ 1492 ಎಂದೊಡನೆ ಮಕ್ಕಳು ಕಿಟಕಿಯಾಚೆ ಬೇವಿನ ಮರ ನೋಡತೊಡಗುತ್ತಿದ್ದರು. ಆಗಲೇ ಮದುವೆಯಲ್ಲಿ ಬಂದ ಟ್ರಂಕು ಮ್ಯೂಸಿಯಂ ಆದದ್ದು.

ಅದರಲ್ಲಿದ್ದದ್ದು ಒಣ ಮೆಣಸಿನಕಾಯಿ, ಅರ್ಧ ಕಿಲೋ ಶೇಂಗಾ, ಒಂದು ಮೆಕ್ಕೆಜೋಳದ ತೆನೆ, ಎರಡು ಆಲೂಗಡ್ಡೆ, ಒಂದು ಟೊಮ್ಯಾಟೊ. ಇಷ್ಟೂ ಸ್ಪೇನಿನವರು, ಪೋರ್ಚುಗೀಸರು ಅಮೆರಿಕಕ್ಕೆ ಹೋಗುವ ಮುನ್ನ ನಮ್ಮ ಯಾವ ಅಡುಗೆಮನೆಯಲ್ಲೂ ಇರಲಿಲ್ಲ ಎಂದರೆ ಮಕ್ಕಳು ನಂಬಲೊಲ್ಲರು.

"ಮೆಣಸಿನಕಾಯಿ ನಮ್ಮ ಹೊಲದಾಗ ಬೆಳಿತೈತ್ರಿ ಸರ" ಎಂದ ಒಬ್ಬ, ನನಗೆ ಯಾರೋ ಮೋಸ ಮಾಡಿದ್ದಾರೆ ಎಂಬ ಕನಿಕರದಿಂದ.

ಕೊಲಂಬಸ್ ಹೊರಟಿದ್ದು ಕರಿಮೆಣಸಿನ ನಾಡಿಗೆ. ಸಿಕ್ಕ ಖಾರದ ಕಾಯಿಗೂ ಮೆಣಸಿನ ಹೆಸರನ್ನೇ ಅಂಟಿಸಿದ. ನಾವೂ ಅದನ್ನು ಮೆಣಸಿನ ಕಾಯಿ ಎಂದೇ ಕರೆದೆವು. ಎರಡು ದಡದಲ್ಲಿ ನಿಂತು ಒಂದೇ ತಪ್ಪು. ಒಂದು ಹುಡುಕಿದರೆ ಇನ್ನೊಂದು ಸಿಗುವುದು ನಮ್ಮ ಸೀಮೆಗೂ ಹೊಸದಲ್ಲ. 1915ರಲ್ಲಿ ಇಲ್ಲೇ ಮಸ್ಕಿಯ ಗುಡ್ಡದಲ್ಲಿ ಬಂಗಾರದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್‌ಗೆ ಸಿಕ್ಕಿದ್ದು ಅಶೋಕನ ಹೆಸರಿದ್ದ ಬಂಡೆ.

ಮ್ಯೂಸಿಯಂ ಸಂಚಾರಕ್ಕೆ ಹೊರಟ ಮೇಲೆ ಅದರ ಗತಿ ಕೇಳಬೇಡಿ. ಎರಡನೆಯ ಶಾಲೆಯಲ್ಲಿ ಟೊಮ್ಯಾಟೊ ಒಡೆಯಿತು. ಮೂರನೆಯದರಲ್ಲಿ ಆಲೂಗಡ್ಡೆ ಮೊಳಕೆ ಬಿಟ್ಟಿತು. ಶೇಂಗಾ ಮಾತ್ರ ಶಾಲೆಯಿಂದ ಶಾಲೆಗೆ ಕರಗುತ್ತ ಬಂದು ಕೊನೆಗೆ ಒಂದು ಹಿಡಿ ಉಳಿಯಿತು. ಸ್ಪೇನಿನವರು ಪೆರುವಿನಲ್ಲಿ ಮಾಡಿದ್ದನ್ನು ಏಳನೇ ತರಗತಿ ನನ್ನ ಟ್ರಂಕಿನಲ್ಲಿ ಮಾಡಿತ್ತು. ವಸಾಹತುಶಾಹಿಯ ಪ್ರಾತ್ಯಕ್ಷಿಕೆ ಇದಕ್ಕಿಂತ ಚೆನ್ನಾಗಿ ಆಗುವಂತಿರಲಿಲ್ಲ.

ಹಟ್ಟಿಯಲ್ಲಿ ಮಾತ್ರ ಪಾಠ ಬೇರೆ ದಾರಿ ಹಿಡಿಯಿತು. ಎರಡು ಸಾವಿರ ವರ್ಷದ ಹಿಂದೆಯೇ ಬಂಡೆಗೆ ಬೆಂಕಿಯಿಟ್ಟು ಸೀಳಿ ಬಂಗಾರ ತೆಗೆದ ಊರು ಅದು. ಅಲ್ಲಿನ ಮಕ್ಕಳಿಗೆ 'ಚಿನ್ನ' ಎಂದರೆ ಅಪ್ಪನ ಶಿಫ್ಟು, ತಲೆದೀಪ, ಸೈರನ್ನು. ಸ್ಪೇನಿನ ಪಿಜಾರೊ 1532ರಲ್ಲಿ ಪೆರುವಿನ ಇಂಕಾ ದೊರೆ ಅಟಾಹುವಾಲ್ಪನನ್ನು ಸೆರೆ ಹಿಡಿದ ಕತೆ ಹೇಳಿದೆ. ಬಿಟ್ಟರೆ ಈ ಕೋಣೆಯನ್ನು ಒಂದು ಸಲ ಬಂಗಾರದಿಂದ, ಎರಡು ಸಲ ಬೆಳ್ಳಿಯಿಂದ ತುಂಬಿಸುತ್ತೇನೆ ಎಂದನಂತೆ ದೊರೆ. ಕೋಣೆ 22 ಅಡಿ ಉದ್ದ, 17 ಅಡಿ ಅಗಲ. ಹುಡುಗರು ಟೇಪು ತಂದು ತಮ್ಮ ತರಗತಿಯನ್ನೇ ಅಳೆದರು. ಹೆಚ್ಚೂಕಡಿಮೆ ಅಷ್ಟೇ ಇತ್ತು. ಉದ್ದನೆಯ ಹುಡುಗನೊಬ್ಬ ಬೆಂಚಿನ ಮೇಲೆ ನಿಂತು, ಒಂದೂವರೆ ಆಳೆತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಎಲ್ಲರೂ ಕತ್ತೆತ್ತಿ ನೋಡಿದರು. ಒಂದು ಟನ್ ಕಲ್ಲು ಅರೆದರೆ ಬೆರಳೆಣಿಕೆಯ ಗ್ರಾಂ ಸಿಗುತ್ತದೆಂದು ಬಲ್ಲ ಮಕ್ಕಳವು. ಗೆರೆಯ ಎತ್ತರ ನನಗಿಂತ ಅವರಿಗೇ ಚೆನ್ನಾಗಿ ತಿಳಿಯಿತು.

"ತುಂಬಿಸಿದ್ರೇನ್ರಿ?"

"ರಾಶಿ ರಾಶಿ ತಂದು ಹಾಕಿದರು. ಆದರೂ 1533ರಲ್ಲಿ ದೊರೆಯನ್ನು ಕೊಂದರು. ಮೂರ್ತಿ, ಪಾತ್ರೆ, ಒಡವೆ ಎಲ್ಲ ಕರಗಿಸಿ ಗಟ್ಟಿ ಮಾಡಿ ಹಂಚಿಕೊಂಡರು."

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. ಅವಳ ಕಿವಿಯಲ್ಲಿ ಬೇವಿನ ಕಡ್ಡಿ. "ಕರಗಿಸಿದ ಮ್ಯಾಲ ಯಾರದು ಅಂತ ಹೆಂಗ ಗೊತ್ತಾಗ್ತೈತ್ರಿ ಸರ?"

ಗೊತ್ತಾಗುವುದಿಲ್ಲ ಎಂದೆ.

"ನಮ್ಮವ್ವನ ಬೆಂಡೋಲಿ ಬ್ಯಾಂಕಿನಾಗ ಅದಾವ್ರಿ. ಕರಗಸಂಗಿಲ್ಲ ಹೌದಲ್ರಿ?"

ಅವಳಪ್ಪ ಗಣಿಯಲ್ಲಿ ಇಳಿಯುವವನು. ಅಷ್ಟರಲ್ಲಿ ಸೈರನ್ ಕೂಗಿ ನನ್ನನ್ನು ಉಳಿಸಿತು. ಬಡ್ಡಿ ಕಟ್ಟಿದರೆ ಕರಗಿಸುವುದಿಲ್ಲ ಎಂಬ ಉತ್ತರ ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ.

ಮನೆಗೆ ಬಂದು ಟ್ರಂಕು ತೆರೆದರೆ ಆ ಒಂದು ಹಿಡಿ ಶೇಂಗಾವೂ ಮಾಯ. ಅದರ ಜಾಗದಲ್ಲಿ ಮುಷ್ಟಿಯಷ್ಟು ಬೆಣಚುಕಲ್ಲು, ಜೊತೆಗೊಂದು ನೋಟುಬುಕ್ಕಿನ ಚೂರು: 'ಇದರಾಗ ಬಂಗಾರ ಐತಿ. ಕಾಣಂಗಿಲ್ಲ.' ಪೆರುವಿಗೆ ಬದಲಾಗಿ ಯಾರೋ ಏನನ್ನಾದರೂ ಕೊಟ್ಟು ಹೋದದ್ದು ಬಹುಶಃ ಅದೇ ಮೊದಲು.

ನಾನು ನಿವೃತ್ತನಾಗಿ ವರ್ಷಗಳಾದವು. ಟ್ರಂಕಿನಲ್ಲಿ ಈಗ ಹೆಂಡತಿ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತುಂಬಿಡುತ್ತಾಳೆ. ಆ ಕಲ್ಲನ್ನು ನಾನು ಪುಸ್ತಕದ ಕಪಾಟಿನಲ್ಲಿಟ್ಟಿದ್ದೆ. ಮೊನ್ನೆ ನೋಡಿದರೆ ಒಲೆಯ ಪಕ್ಕದಲ್ಲಿ ಅದರಿಂದ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಅದರಲ್ಲಿ ಬಂಗಾರವಿದೆ ಕಣೇ ಎಂದೆ. "ಇದ್ರ ಚಟ್ನ್ಯಾಗ ಬಿದ್ದಿರ್ತೈತಿ, ಉಣ್ರಿ" ಎಂದು ತಟ್ಟೆ ಮುಂದಿಟ್ಟಳು.