ಹುಣ್ಣಿಮೆಯ ಲೆಕ್ಕದ ಗುಬ್ಬಚ್ಚಿ

ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯನ್ನು ಕಾಣದ ಅಮೆರಿಕನ್ನಡಿಗರು ವಿರಳ. ಆ ಊರಿನ ಜೂಜುಮಂದಿರಗಳ ಗೋಪುರಗಳು ಕೊಲ್ಲಿಯಾಚೆ ಕಾಣುವಷ್ಟು ಸಮೀಪದಲ್ಲಿಯೇ ಒಂದು ಪಕ್ಷಿಧಾಮವಿದೆಯೆಂಬುದನ್ನು ಬಲ್ಲವರು ಮಾತ್ರ ಕಡಿಮೆ. 1939ರಲ್ಲಿ ಬ್ರಿಗಂಟೀನ್ ಎಂಬ ಹೆಸರಿನಲ್ಲಿ ಆರಂಭವಾದ ಈ ಧಾಮ ಈಗ ಎಡ್ವಿನ್ ಫಾರ್ಸೈತರ ಹೆಸರನ್ನು ಹೊತ್ತಿದೆ. ಉಪ್ಪುನೀರಿನ ಜೌಗಿನ ನಡುವೆ, ನಮ್ಮ ಕಡೆಯ ಕೆರೆ ಏರಿಯಂಥ ಒಡ್ಡುಗಳ ಮೇಲೆ, 8 ಮೈಲಿಗಳ ಜಲ್ಲಿಯ ದಾರಿ. ಜುಲೈ ತಿಂಗಳಿನಲ್ಲಿ ಕಾರಿನಿಂದ ಇಳಿಯದಿರುವುದೇ ಜಾಣತನ. ಅಲ್ಲಿಯ ಹಸುರುಗಣ್ಣಿನ ನೊಣಗಳು ಸೀರೆಯೆಂದೂ ಪ್ಯಾಂಟೆಂದೂ ಭೇದವೆಣಿಸದೆ ಕಚ್ಚುತ್ತವೆ.

2024ರ ಜುಲೈ 15ರ ಮುಂಜಾನೆ ನಾವಿಬ್ಬರೂ ಅಲ್ಲಿದ್ದೆವು. ಇಳಿತದ ಸಮಯ. ಕೆಸರಿನ ತುಂಬ ಬೆಳ್ಳಕ್ಕಿಗಳು. ಅವುಗಳ ನಡುವೆ, ರಂಗನತಿಟ್ಟಿನ ನೆನಪು ತರುವಂತೆ ಕೊಕ್ಕು ಬಾಗಿದ ಕೆಂಬರಲುಗಳು. ಕಂಬದ ಮೇಲಿನ ಮರದ ಅಟ್ಟಣೆಯಲ್ಲಿ ಮೀನುಹಿಡುಕ ಆಸ್ಪ್ರೇ ತನ್ನ ಮರಿಗಳಿಗೆ ಮೀನನ್ನು ಹರಿದು ತಿನ್ನಿಸುತ್ತಿತ್ತು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, 1970ರ ದಶಕದ ಆದಿಯಲ್ಲಿ ಈ ರಾಜ್ಯದಲ್ಲಿ ಇವುಗಳ ಗೂಡುಗಳು ಸುಮಾರು 50ಕ್ಕೆ ಇಳಿದಿದ್ದವಂತೆ. 1972ರಲ್ಲಿ ಆ ವಿಷಕ್ಕೆ ನಿಷೇಧ ಬಂದಿತು, ಜನರು ಅಟ್ಟಣೆ ಕಟ್ಟಿಕೊಟ್ಟರು. ಈಗ ಗೂಡುಗಳು 700ನ್ನೂ ದಾಟಿವೆ.

ನಮ್ಮವರು ಆಸ್ಪ್ರೇಯಿಂದ ದುರ್ಬೀನು ಕದಲಿಸಲಿಲ್ಲ. ನನ್ನ ಮನಸ್ಸು ಸೆಳೆದುದು ಹುಲ್ಲಿನೊಳಗಿನಿಂದ ಕ್ಷಣಮಾತ್ರ ತಲೆಯೆತ್ತಿದ, ಕಿತ್ತಳೆ ಬಣ್ಣದ ಕೆನ್ನೆಯ ಒಂದು ಜೌಗುಗುಬ್ಬಚ್ಚಿ. ಅಮೆರಿಕದ ಪೂರ್ವ ಕರಾವಳಿಯ ಉಪ್ಪುಜೌಗನ್ನು ಬಿಟ್ಟು ಇದು ಬೇರೆಲ್ಲಿಯೂ ಮರಿಮಾಡದು. ನೆಲದಿಂದ ಗೇಣುದ್ದವೂ ಇಲ್ಲದ ಎತ್ತರದಲ್ಲಿ ಹುಲ್ಲಿನ ಗೂಡು. ಕಟ್ಟುವುದು, ಕಾವು ಕೊಡುವುದು, ಉಣಿಸುವುದು ಎಲ್ಲವೂ ಹೆಣ್ಣಿನ ಪಾಲಿಗೆ. ಗಂಡು ಅತ್ತ ತಿರುಗಿಯೂ ನೋಡುವುದಿಲ್ಲ. (ಇದನ್ನು ನಾನು ಕಾರಿನಲ್ಲಿ ಎರಡು ಸಲ ಹೇಳಿದೆ.)

ಈ ತಾಯಿಯ ಬಾಳು ಪಂಚಾಂಗಕ್ಕೆ ಕಟ್ಟುಬಿದ್ದಿದೆ. ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರದಲ್ಲಿ ಜೌಗು ಮುಳುಗುತ್ತದೆ. ಒಂದು ಮಹಾ ಉಬ್ಬರಕ್ಕೂ ಮತ್ತೊಂದಕ್ಕೂ ನಡುವೆ ಸುಮಾರು ನಾಲ್ಕು ವಾರ. ಮೊಟ್ಟೆಯಿಟ್ಟು ಮರಿ ಹೊರಬೀಳಲು ಮೂರೂವರೆ ವಾರವಾದರೂ ಬೇಕು. ಆದುದರಿಂದ ಗೂಡು ಕೊಚ್ಚಿಹೋದರೆ ಆಕೆ ಅಳುತ್ತ ಕೂರದೆ, ಕೆಲವೇ ದಿನಗಳಲ್ಲಿ ಮತ್ತೆ ಹುಲ್ಲು ಹೆಣೆಯತೊಡಗುತ್ತಾಳೆ. ತುಸು ದೊಡ್ಡ ಮರಿಗಳು ಹುಲ್ಲಿನ ಕಡ್ಡಿ ಹಿಡಿದು ಮೇಲಕ್ಕೇರಿ ಜೀವ ಉಳಿಸಿಕೊಳ್ಳುವುದೂ ಉಂಟು. ಆದರೆ ಸಮುದ್ರದ ಮಟ್ಟ ಏರಿದಂತೆ ಆ ಬಿಡುವು ಕಿರಿದಾಗುತ್ತಿದೆ. 1998ರಿಂದ 2012ರವರೆಗೆ ಇವುಗಳ ಸಂಖ್ಯೆ ವರ್ಷಕ್ಕೆ ಶೇಕಡಾ 9ರಂತೆ ಇಳಿದಿದೆ. ಇದಕ್ಕೆ ಕಂಬ ನೆಟ್ಟು ಅಟ್ಟಣೆ ಕಟ್ಟಿಕೊಡುವುದು ಹೇಗೆ? ಕೆಲವೆಡೆ ಜೌಗಿಗೆ ಹೂಳು ಸುರಿದು ನೆಲವನ್ನೇ ಎತ್ತರಿಸುವ ಪ್ರಯತ್ನ ನಡೆದಿದೆ.

ಅಡುಗೆಮನೆಯ ಗೋಡೆಯಲ್ಲಿ ತೂಗುವ ಪಂಚಾಂಗವನ್ನು ನಾನು ಏಕಾದಶಿಗಾಗಿ ಮಾತ್ರ ನೋಡುತ್ತಿದ್ದವಳು. ಅಂದು ಆಷಾಢ ಶುದ್ಧ ನವಮಿ. ಹುಣ್ಣಿಮೆಗೆ ಇನ್ನು ಆರು ದಿನ.