ಡ್ರಾಫ್ಟಿನಲ್ಲಿದ್ದ ರಾಜೀನಾಮೆ

ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಧಾರವಾಡದ ಹೆಣ್ಣುಮಗಳೊಬ್ಬಳ ಇಮೇಲಿನ ಡ್ರಾಫ್ಟಿನಲ್ಲಿ ಒಂದು ರಾಜೀನಾಮೆ ಪತ್ರ ಎರಡು ವರ್ಷ ಹಾಗೇ ಇತ್ತು. ತಿಂಗಳಿಗೊಮ್ಮೆ ಅದನ್ನು ತೆರೆಯುತ್ತಿದ್ದಳು, ಒಂದೆರಡು ಸಾಲು ಇನ್ನಷ್ಟು ಖಾರ ಮಾಡುತ್ತಿದ್ದಳು, ಕಳಿಸಿಯೇಬಿಡುತ್ತೇನೆ ಎಂದು ಕೂರುತ್ತಿದ್ದಳು. ವಾರ ಕಳೆದು ಓದಿದರೆ ಅದನ್ನು ಬೇರೆ ಯಾರೋ ಬರೆದ ಹಾಗೆ ಕಾಣುತ್ತಿತ್ತು.

ಆ ದಿನಗಳಲ್ಲಿ ಮೀಟಿಂಗಿನಲ್ಲಿ ಯಾರಾದರೂ ಮಾತು ತುಂಡರಿಸಿದರೆ ಕಣ್ಣು ತುಂಬುತ್ತಿತ್ತು. ನೂರು ಸಲ ಬರೆದ ಕೋಡು ಕೂಡ ತಲೆಗೆ ಹತ್ತುತ್ತಿರಲಿಲ್ಲ. ರಾತ್ರಿ, ಇಷ್ಟೆಲ್ಲ ಯಾಕೆ, ಇರುವುದಾದರೂ ಯಾಕೆ ಎನ್ನಿಸುತ್ತಿತ್ತು. ವರ್ಷದ ಮೌಲ್ಯಮಾಪನದಲ್ಲಿ ಕೆಲಸ ಉತ್ತಮ, ಸ್ವಭಾವದಲ್ಲಿ ಏರಿಳಿತ ಎಂದು ಬರೆದರು. ಏರಿಳಿತ ಇದ್ದದ್ದು ನಿಜ. ಅದಕ್ಕೊಂದು ಲೆಕ್ಕವಿದೆ ಎಂದು ಬರೆದವರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಹೊಳೆದದ್ದು ಅವ್ವನಿಗೆ, ಅದೂ ಫೋನಿನಲ್ಲಿ. “ಯಾಕವ್ವಾ, ದನಿ ಹಿಂಗ್ಯಾಕ? ಕಡಿಗಾಗೂ ದಿನಾ ಹತ್ತರ ಬಂತೇನ? ನಾನೂ ನಿಮ್ಮಪ್ಪನ ಕೂಡ ಜಗಳಾ ತಗದು ಉಣ್ಣದ ಮಲಗಿದ್ನಂದ್ರ ಮುಂದ ನಾಕ ದಿನಕ್ಕ ಕಡಿಗಾಗ್ತಿದ್ದೆ.”

ಡಾಕ್ಟರು ತಕ್ಷಣ ಏನೂ ಹೇಳಲಿಲ್ಲ. ಎರಡು ತಿಂಗಳು ದಿನವೂ ಮನಸ್ಸು, ನಿದ್ದೆ, ಸಿಟ್ಟು ಹೇಗಿತ್ತು ಎಂದು ಬರೆದಿಡಲು ಹೇಳಿದರು. ಬರೆದದ್ದನ್ನು ಕ್ಯಾಲೆಂಡರಿನ ಪಕ್ಕ ಇಟ್ಟಾಗ ಗೊತ್ತಾಯಿತು: ಮುಟ್ಟಿಗೆ ಮೊದಲಿನ ವಾರ ಕತ್ತಲೆ, ಸ್ರಾವ ಶುರುವಾದ ಎರಡು ಮೂರು ದಿನಕ್ಕೆ ಬೆಳಕು. ಪ್ರಿಮೆನ್‌ಸ್ಟ್ರುವಲ್ ಡಿಸ್ಫೋರಿಕ್ ಡಿಸಾರ್ಡರ್, ಚಿಕ್ಕದಾಗಿ ಪಿಎಂಡಿಡಿ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದಕ್ಕೆ ಪೂರ್ತಿ ಕಾಯಿಲೆಯ ಸ್ಥಾನ ಕೊಟ್ಟದ್ದೇ 2013ರಲ್ಲಿ. ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಹಾರ್ಮೋನುಗಳ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ, ಅವುಗಳ ಮಾಮೂಲಿ ಏರಿಳಿತವನ್ನು ಕೆಲವರ ಮಿದುಳು ತಡೆದುಕೊಳ್ಳುವುದಿಲ್ಲ. ಖಿನ್ನತೆಗೆ ಕೊಡುವ ಮಾತ್ರೆಗಳೇ ಇಲ್ಲೂ ಕೆಲಸಕ್ಕೆ ಬರುತ್ತವೆ, ಕೆಲವರಿಗೆ ತಿಂಗಳಲ್ಲಿ ಎರಡು ವಾರ ತೆಗೆದುಕೊಂಡರೂ ಸಾಕಾಗುತ್ತದೆ. ಅವಳಿಗೆ ಅರ್ಧದಷ್ಟು ಹಗುರಾಯಿತು.

ಧಾರವಾಡದ ಕಡೆ ಕಡಿಗಾಗುವುದು, ಹಳೇ ಮೈಸೂರಿನ ಕಡೆ ಹೊರಗಾಗುವುದು. ಎರಡು ಮಾತಿಗೂ ಕಾಣುವುದು ಹೆಂಗಸು ಮನೆಯೊಳಗೆ ಎಲ್ಲಿ ಕೂರಬೇಕು ಎಂಬುದೊಂದೇ. ಆ ಮೊದಲಿನ ವಾರಕ್ಕೆ ನಮ್ಮಲ್ಲಿ ಮಾತೇ ಇಲ್ಲ. ರಜೆಯ ನಿಯಮಗಳೂ ಹಾಗೆಯೇ. ಬಿಹಾರ 1992ರಿಂದ ಸರಕಾರಿ ನೌಕರಿಯ ಹೆಂಗಸರಿಗೆ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ಕರ್ನಾಟಕ ಸಂಪುಟ 2025ರ ಅಕ್ಟೋಬರಿನಲ್ಲಿ ಖಾಸಗಿ ಕ್ಷೇತ್ರವನ್ನೂ ಸೇರಿಸಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆಗೆ ಒಪ್ಪಿತು. ಒಳ್ಳೆಯ ಕೆಲಸ, ಹೊಟ್ಟೆನೋವಿನಲ್ಲಿ ಒದ್ದಾಡುವವರಿಗೆ ಆ ಒಂದು ದಿನ ದೊಡ್ಡದು. ಪುಣೆಯಲ್ಲಿರುವ ಇವಳಿಗೆ ಅದು ಅನ್ವಯಿಸುವುದಿಲ್ಲ, ಅನ್ವಯಿಸಿದ್ದರೂ ರಜೆ ಬರುವ ಹೊತ್ತಿಗೆ ಇವಳ ಕಷ್ಟ ಮುಗಿಯುತ್ತ ಬಂದಿರುತ್ತದೆ.

ಮರಾಠಿಯಲ್ಲಿ ಮುಟ್ಟಿಗೆ ಪಾಳಿ ಎನ್ನುತ್ತಾರೆ. ಕೆಲಸದ ಸರದಿಗೂ ಅದೇ ಮಾತು, ನಮ್ಮ ರಾತ್ರಿ ಪಾಳಿಯ ಪಾಳಿ. ಕಚೇರಿಯ ಶೌಚಾಲಯ ತೊಳೆಯುವ ಮಾವಶಿಗೆ ಎರಡೂ ಒಟ್ಟಿಗೇ ಬರುತ್ತವೆ. ಗುತ್ತಿಗೆಯವಳು, ಬಾರದಿದ್ದರೆ ಆ ದಿನದ ಕೂಲಿ ಇಲ್ಲ. ಊರು ಬೀಡ್ ಜಿಲ್ಲೆ. ಕಬ್ಬು ಕಡಿಯಲು ಹೋಗುವ ಅವಳ ಅತ್ತಿಗೆ ಗರ್ಭಕೋಶ ತೆಗೆಸಿಕೊಂಡಿದ್ದಾಳೆ, ಒಂದು ದಿನ ತಪ್ಪಿದರೆ ಮುಕಾದಮ ದಂಡ ಹಿಡಿಯುತ್ತಾನೆಂದು. 2019ರಲ್ಲಿ ಮಹಾರಾಷ್ಟ್ರ ಸರಕಾರ ಸಮಿತಿ ನೇಮಿಸಿ ಬೀಡಿನ ಸುಮಾರು 82 ಸಾವಿರ ಕಬ್ಬಿನ ಕೂಲಿ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಆಪರೇಷನ್ ಆಗಿತ್ತು. ಅತ್ತಿಗೆಯ ಕತೆ ಕೇಳಿದ ಮೇಲೆ ತನ್ನ ಕಷ್ಟವನ್ನು ಕಷ್ಟ ಎನ್ನಲು ಅವಳಿಗೆ ನಾಚಿಕೆಯಾಯಿತು. ಶೌಚಾಲಯದಲ್ಲಿ ಅಳುವುದನ್ನು ಎಷ್ಟೋ ಸಲ ನೋಡಿದ್ದ ಮಾವಶಿಯೇ, ನಿನ್ನ ಸಾಹೇಬನಿಗೆ ಹೇಳಬಾರದೇನೆ ಎಂದಳು.

ಹೇಳಿದಳು. ರಜೆ ಕೇಳಲಿಲ್ಲ. ತನ್ನ ರಿವ್ಯೂ, ಗ್ರಾಹಕರಿಗೆ ತೋರಿಸುವ ಡೆಮೊ ಆ ಒಂದು ವಾರಕ್ಕೆ ಬೀಳದಂತೆ ನೋಡಿಕೊಂಡರೆ ಸಾಕು ಎಂದಳು. ಮ್ಯಾನೇಜರ್ ಸಮಾಧಾನದಿಂದ ಕೇಳಿ, ಆಗಲೇ ಕ್ಯಾಲೆಂಡರ್ ತೆರೆದು ಎರಡು ತಾರೀಖು ಬದಲಿಸಿದರು. ಮೂರು ತಿಂಗಳ ಬಳಿಕ, ಅವಳೇ ಕಟ್ಟಿ ಬೆಳೆಸಿದ್ದ ಪ್ರಾಜೆಕ್ಟಿನ ಮುಂದಾಳುತನ ಅವಳಿಗಿಂತ ಕಿರಿಯನೊಬ್ಬನಿಗೆ ಹೋಯಿತು. “ನಿಮಗೆ ಇನ್ನಷ್ಟು ಒತ್ತಡ ಬೇಡ ಅಂತ ನಾನೇ ಹೇಳಿದೆ,” ಎಂದರು ಮ್ಯಾನೇಜರ್. ಆ ದನಿಯಲ್ಲಿ ಕಪಟವಿರಲಿಲ್ಲ. ರಜೆ ಕಡ್ಡಾಯ ಮಾಡಿದರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳದೆ ಹೋದಾರು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಆಡಿದ ಆತಂಕ ಇಂಥದ್ದೇ. ಇಲ್ಲಿ ರಜೆಯೂ ಬೇಕಾಗಲಿಲ್ಲ, ಬಾಯಿ ಬಿಟ್ಟದ್ದೇ ಸಾಕಾಯಿತು.

ಅವತ್ತು ಅವಳಿಗೆ ಕೈ ನಡುಗುವಷ್ಟು ಸಿಟ್ಟು ಬಂತು. ಮೊದಲು ಮಾಡಿದ ಕೆಲಸವೆಂದರೆ ದಿನಚರಿ ತೆಗೆದು ಎಣಿಸಿದ್ದು. ಒಂಬತ್ತನೆಯ ದಿನ. ಮತ್ತೊಮ್ಮೆ ಎಣಿಸಿದಳು, ಒಂಬತ್ತೇ.

ಹಳೆಯ ಡ್ರಾಫ್ಟು ತೆರೆದು ರಾಜೀನಾಮೆಯ ಸಾಲುಗಳನ್ನೆಲ್ಲ ಅಳಿಸಿದಳು. ಆ ಪ್ರಾಜೆಕ್ಟು ತನಗೇ ಯಾಕೆ ಬರಬೇಕಿತ್ತು ಎಂದು ಅರ್ಧ ಪುಟ ಬರೆದು, ಮ್ಯಾನೇಜರಿಗೂ ಅವರ ಮೇಲಿನವರಿಗೂ ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ.